ದೊಡ್ಡಪೇಟೆಯಲ್ಲಿ ಐವತ್ತು ವರ್ಷ

ರಾಜಾಜಿನಗರದಿಂದ ಅವೆನ್ಯೂ ರಸ್ತೆಗೆ ಹೋಗಲು ಈಗ ಹೆಚ್ಚು ಹೊತ್ತು ಬೇಕಿಲ್ಲ. ಮೆಟ್ರೊ ಹಸಿರು ಮಾರ್ಗದಲ್ಲಿ ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ, ಮೆಜೆಸ್ಟಿಕ್ ದಾಟಿದರೆ ಚಿಕ್ಕಪೇಟೆ. ನಿಲ್ದಾಣದ ಮೆಟ್ಟಿಲು ಹತ್ತಿ ಬಂದರೆ ಹಳೆಯ ಪೇಟೆಯ ಗದ್ದಲ ಕಿವಿಗೆ ಬೀಳುತ್ತದೆ. ಮದುವೆ ಸೀರೆಗೆ, ಚಿನ್ನಕ್ಕೆ, ಮಕ್ಕಳ ಪಠ್ಯಪುಸ್ತಕಕ್ಕೆ ನಮ್ಮ ಪಶ್ಚಿಮದ ಬಡಾವಣೆಗಳ ಜನ ಇಂದಿಗೂ ಇಲ್ಲಿಗೇ ಬರುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿರುವ ಎಷ್ಟೋ ಮನೆತನಗಳ ಬೇರು ಈ ಗಲ್ಲಿಗಳಲ್ಲೇ ಇದೆ. ಅಜ್ಜ ಪೇಟೆಯಲ್ಲಿದ್ದರು, ಅಪ್ಪ ಸೈಟು ತೆಗೆದುಕೊಂಡು ಈ ಕಡೆ ಬಂದರು ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ.

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವರ ಸಾಲಿನ ಹತ್ತಿರ ಒಂದು ಕ್ರೈಸ್ತ ದೇವಾಲಯವಿದೆ. ಪೇಟೆಯ ಅಂಗಡಿ ಮುಂಗಟ್ಟುಗಳ ನಡುವೆ ದಪ್ಪ ದುಂಡು ಕಂಬಗಳು, ಅವುಗಳ ಮೇಲೆ ತ್ರಿಕೋನದ ನೆತ್ತಿ, ಕಮಾನು, ದುಂಡು ಕಿಟಕಿ. ಅದು ರೈಸ್ ಸ್ಮಾರಕ ದೇವಾಲಯ. ಪುಸ್ತಕ ಆರಿಸಲು ತಲೆ ತಗ್ಗಿಸಿ ನಿಂತ ಸಾವಿರಾರು ಜನರಲ್ಲಿ ತಲೆ ಎತ್ತಿ ಆ ಹೆಸರು ಓದುವವರು ಕಡಿಮೆ. ಓದಿದವರಲ್ಲೂ ಬಹಳ ಮಂದಿ ಅದನ್ನು ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಹೆಸರೆಂದುಕೊಳ್ಳುತ್ತಾರೆ. ಅದು ಅವರ ತಂದೆಯದು. ಮಿಷನರಿ ಬೆಂಜಮಿನ್ ಹೋಲ್ಟ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದರು, 1887ರಲ್ಲಿ ಇಲ್ಲೇ ತೀರಿಕೊಂಡರು. ನಡುವಿನ ಐವತ್ತು ವರ್ಷವನ್ನು ಪೇಟೆಯ ಒಂದು ಚಿಕ್ಕ ಕನ್ನಡ ಕ್ರೈಸ್ತ ಸಭೆಗೆ, ಅದರ ಶಾಲೆಗಳಿಗೆ, ಅದರ ಭಾಷೆಗೆ ಕೊಟ್ಟರು.

ದಂಡು ಮತ್ತು ಪೇಟೆ

ರೈಸ್ ಬಂದಾಗ ಬೆಂಗಳೂರು ಎರಡು ಊರಾಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಸೈನ್ಯ ಇಲ್ಲಿಗೆ ಸರಿದು, ಹಲಸೂರಿನ ಸುತ್ತಮುತ್ತ ದಂಡು ಬೆಳೆಯಿತು. ಸೈನಿಕರ ಜೊತೆ, ಅವರ ಅಗತ್ಯಗಳನ್ನು ಪೂರೈಸುವವರ ಜೊತೆ ತಮಿಳು ಬಂತು, ಅಧಿಕಾರಿಗಳ ಜೊತೆ ಇಂಗ್ಲಿಷ್ ಬಂತು. ಪಶ್ಚಿಮಕ್ಕೆ, ಕೋಟೆಯ ಬಡಗಣ ಮಗ್ಗುಲಲ್ಲಿ, ಕೆಂಪೇಗೌಡರ ಕಾಲದ ಪೇಟೆ ತನ್ನಷ್ಟಕ್ಕೆ ತಾನಿತ್ತು. ದೊಡ್ಡಪೇಟೆ, ಚಿಕ್ಕಪೇಟೆ, ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ ಎಂದು ಕಸುಬಿಗೊಂದು ಬೀದಿ. ಇಂದಿನ ಅವೆನ್ಯೂ ರಸ್ತೆಯೇ ಆಗಿನ ದೊಡ್ಡಪೇಟೆ.

ಆಡಳಿತವೂ ಆಗಷ್ಟೇ ಕೈ ಬದಲಿಸಿತ್ತು. ನಗರದ ರೈತರ ದಂಗೆಯ ನಂತರ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವನ್ನು ಕಂಪನಿ ತೆಗೆದುಕೊಂಡಿತು. 1834ರಿಂದ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದರು. ರೈಲು ಇನ್ನೂ ಬಂದಿರಲಿಲ್ಲ. ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಅದಕ್ಕೆ ಮುಂಚೆ ಮದ್ರಾಸಿನಲ್ಲಿ ಹಡಗಿಳಿದವರು ಪಲ್ಲಕ್ಕಿಯಲ್ಲೋ ಎತ್ತಿನ ಗಾಡಿಯಲ್ಲೋ ಘಟ್ಟ ಹತ್ತಿ ಬರಬೇಕು. 1814ರಲ್ಲಿ ಹುಟ್ಟಿದ ಬೆಂಜಮಿನ್ ರೈಸ್ ಇಪ್ಪತ್ತಮೂರರ ಆಸುಪಾಸಿನ ಯುವಕನಾಗಿ, ಹೆಂಡತಿ ಜೇನ್ ಅವರೊಂದಿಗೆ ಹಾಗೆ ಬಂದರು. ಅದೇ 1837ರ ಜುಲೈನಲ್ಲಿ ಈ ಊರಿನಲ್ಲೇ ಅವರ ಮಗ ಹುಟ್ಟಿದ. ಬೆಂಜಮಿನ್ ಲೂಯಿಸ್ ಎಂದು ಹೆಸರಿಟ್ಟರು. ಈ ಮಗುವಿನ ಕತೆ ಮುಂದೆ ಬರುತ್ತದೆ.

ರೈಸ್ ಅವರನ್ನು ಕಳಿಸಿದ್ದು ಲಂಡನ್ ಮಿಷನರಿ ಸೊಸೈಟಿ. 1795ರಲ್ಲಿ ಹುಟ್ಟಿದ ಈ ಸಂಸ್ಥೆ ಕನ್ನಡ ನಾಡಿಗೆ ಮೊದಲು ಕಾಲಿಟ್ಟದ್ದು ಬಳ್ಳಾರಿಯಲ್ಲಿ. ಅಲ್ಲಿ 1810ರಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈ ಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಅದೇ ಸಂಸ್ಥೆಯ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಬೆಂಗಳೂರಿನಲ್ಲಿ ಮಿಷನ್ನಿನ ಕೆಲಸ 1820ರಲ್ಲಿ ಶುರುವಾಗಿತ್ತು. ಅಲ್ಲಿ ಎರಡು ವಿಭಾಗಗಳಿದ್ದವು, ಒಂದು ತಮಿಳು, ಒಂದು ಕನ್ನಡ. ದಂಡಿನಲ್ಲಿ ತಮಿಳು ಸಭೆ ಬೇಗ ಬೆಳೆಯಿತು. ಪೇಟೆಯಲ್ಲಿ ಕನ್ನಡ ಸಭೆ ಬೆಳೆದದ್ದು ನಿಧಾನವಾಗಿ, ಬಹಳ ನಿಧಾನವಾಗಿ. ರೈಸ್ ಸೇರಿಕೊಂಡದ್ದು ಈ ನಿಧಾನದ ಕಡೆಗೆ.

ಕನ್ನಡ ಕಲಿತ ಮೇಲೆ

ಪರವೂರಿನಿಂದ ಬಂದವನು ಭಾಷೆ ಕಲಿಯುವುದರಲ್ಲಿ ಎರಡು ಬಗೆ. ಕೆಲಸಕ್ಕೆ ಬೇಕಾದಷ್ಟು ಕಲಿಯುವುದು ಒಂದು, ಆ ಭಾಷೆಯಲ್ಲೇ ಬಾಳುವುದು ಇನ್ನೊಂದು. ಮೊದಲನೆಯದಕ್ಕೆ ಕೆಲವು ತಿಂಗಳು ಸಾಕು. ಎರಡನೆಯದಕ್ಕೆ ಒಂದು ಆಯುಷ್ಯ ಬೇಕು. ರೈಸ್ ಅವರನ್ನು ನೆನೆಯುವವರೆಲ್ಲ ಅವರ ಕನ್ನಡ ಪಾಂಡಿತ್ಯವನ್ನು ಮೊದಲು ಹೇಳುತ್ತಾರೆ. ಆದರೆ ಅವರ ಕೆಲಸ ಪಂಡಿತರ ನಡುವೆ ಇದ್ದದ್ದಕ್ಕಿಂತ ಹೆಚ್ಚಾಗಿ ಪೇಟೆಯ ಬೀದಿಯಲ್ಲಿ, ಶಾಲೆಯ ಜಗಲಿಯಲ್ಲಿ, ಸಂತೆ ಜಾತ್ರೆಗಳಲ್ಲಿ ಇತ್ತು. ಅಂದಿನ ಮಿಷನರಿಗಳು ವರ್ಷದ ಬೇಸಿಗೆ ಮಳೆ ನೋಡಿಕೊಂಡು ಸುತ್ತಾಟಕ್ಕೆ ಹೊರಡುತ್ತಿದ್ದರು. ಗಾಡಿಯಲ್ಲಿ ಡೇರೆ, ಪುಸ್ತಕದ ಪೆಟ್ಟಿಗೆ, ಜೊತೆಗೆ ಒಬ್ಬಿಬ್ಬರು ಉಪದೇಶಿಗಳು. ಇಂದು ನಾವು ಸಿಗ್ನಲ್ಲಿಗೊಮ್ಮೆ ನಿಲ್ಲುವ ಮಾಗಡಿ ರಸ್ತೆ, ಕೆಂಗೇರಿ ದಾಟಿ ಹೋಗುವ ಮೈಸೂರು ರಸ್ತೆ ಆಗ ಹೊಲ, ತೋಪು, ಕೆರೆ ಏರಿಗಳ ನಡುವಿನ ದಾರಿಗಳು.

ಊರ ಚಾವಡಿಯಲ್ಲಿ ನಿಂತು ಮಾತಾಡಿದರೆ ಜನ ಕೇಳುತ್ತಿದ್ದರು, ಪ್ರಶ್ನೆ ಹಾಕುತ್ತಿದ್ದರು, ವಾದಿಸುತ್ತಿದ್ದರು, ಎದ್ದು ಹೋಗುತ್ತಿದ್ದರು. ಸಭೆಗೆ ಸೇರುವವರು ಅತಿ ಕಡಿಮೆ. ಸೇರಿದವನಿಗೆ ಮನೆ, ಜಾತಿ, ಬಂಧುಬಳಗ ಎಲ್ಲವೂ ಕಡಿದುಹೋಗುವ ಕಾಲ ಅದು. ಮಿಷನರಿಗಳು ಈ ನೆಲದ ನಂಬಿಕೆಗಳನ್ನು ಕಂಡ ಬಗೆಯಲ್ಲಿ ಕಟುತ್ವ ಇದ್ದದ್ದೂ ನಿಜ. ಅವರ ವರದಿಗಳನ್ನು ಇಂದು ಓದುವವರಿಗೆ ಆ ಭಾಷೆ ಚುಚ್ಚುತ್ತದೆ. ಅವರನ್ನು ಇಲ್ಲಿಗೆ ತಂದ ಹಡಗಿನ ದಾರಿಯನ್ನೇ ಸಾಮ್ರಾಜ್ಯದ ಫಿರಂಗಿಯೂ ಹಿಡಿದು ಬಂದಿತ್ತು ಎಂಬುದನ್ನೂ ಮರೆಯುವಂತಿಲ್ಲ. ಇವನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಫಲ ಕಾಣದ ಕೆಲಸದಲ್ಲಿ ಒಬ್ಬ ಮನುಷ್ಯ ಐವತ್ತು ವರ್ಷ ಹೇಗೆ ನಿಂತ?

ಉತ್ತರ ಅವರು ಕಟ್ಟಿದ್ದರಲ್ಲಿ ಇದೆ. ಅವರು ಮೂರು ಕಡೆ ಕೈಯಿಟ್ಟರು. ದೇವಾಲಯ, ಶಾಲೆ, ಗ್ರಂಥ. ದೊಡ್ಡಪೇಟೆಯಲ್ಲಿ ಕನ್ನಡ ಆರಾಧನೆಗೊಂದು ದೇವಾಲಯ ಎದ್ದಿತು. ಇಂಗ್ಲಿಷರ ದಳಕ್ಕೆ ದಂಡಿನಲ್ಲಿ ಚರ್ಚುಗಳಿದ್ದವು. ಇದು ಪೇಟೆಯ ಜನಕ್ಕಾಗಿ, ಪೇಟೆಯ ಭಾಷೆಯಲ್ಲಿ. ಭಾನುವಾರ ಅಲ್ಲಿ ಕೂಡುತ್ತಿದ್ದವರು ಕೆಲವೇ ಕುಟುಂಬಗಳು. ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು, ರೋಗಿಯ ಮನೆಯ ಪ್ರಾರ್ಥನೆ, ಜಗಳವಾಡಿದ ಅಣ್ಣತಮ್ಮಂದಿರ ರಾಜಿ, ಗಂಡ ಸತ್ತ ಹೆಂಗಸಿಗೆ ಅನ್ನದ ದಾರಿ. ಸಭಾಪಾಲಕನ ಕೆಲಸ ಎಂದರೆ ಹೆಚ್ಚಿನಂಶ ಇದೇ. ಇದು ಚರಿತ್ರೆಯ ಪುಸ್ತಕಕ್ಕೆ ಏರುವುದಿಲ್ಲ. ಆದರೆ ಸಭೆ ನಿಲ್ಲುವುದು ಇದರ ಮೇಲೆ.

ಹೆಣ್ಣುಮಕ್ಕಳ ಶಾಲೆ

1840ರ ದಶಕದ ಮೊದಲಿಗೆ ಪೇಟೆಯಲ್ಲಿ ನಡೆದ ಒಂದು ಕೆಲಸ ಮಾತ್ರ ಚರಿತ್ರೆಗೆ ಏರಿದೆ. ಅದನ್ನು ಮಾಡಿದವರು ಇಬ್ಬರು ಹೆಂಗಸರು. ರೈಸ್ ಅವರ ಪತ್ನಿ ಜೇನ್ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ಸೀವೆಲ್ ಅವರ ಪತ್ನಿ. ಇಬ್ಬರೂ ಸೇರಿ ಕನ್ನಡದ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಇಂದು ಮಿಷನ್ ರಸ್ತೆಯಲ್ಲಿರುವ ಮಿತ್ರಾಲಯ ಹೆಣ್ಣುಮಕ್ಕಳ ಶಾಲೆ ತನ್ನ ಹುಟ್ಟನ್ನು 1842ರ ಈ ಕೆಲಸಕ್ಕೆ ಜೋಡಿಸಿಕೊಳ್ಳುತ್ತದೆ.

ಆ ಕಾಲವನ್ನು ಒಂದಿಷ್ಟು ಕಣ್ಣಮುಂದೆ ತಂದುಕೊಳ್ಳಬೇಕು. ಪುಣೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು, ಮುಂದೆ ಸೆಂಟ್ರಲ್ ಕಾಲೇಜಾದದ್ದು, ಬಂದದ್ದೇ 1858ರಲ್ಲಿ. ಗಂಡುಮಕ್ಕಳಿಗೇ ಇದ್ದದ್ದು ಕೂಲಿಮಠಗಳು. ಜಗಲಿಯ ಮೇಲೆ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸುವ ಶಾಲೆಗಳು ಅವು. ಹೆಣ್ಣುಮಗು ಓದಿದರೆ ಗಂಡ ಸಾಯುತ್ತಾನೆ ಎಂದು ನಂಬಿದ ಮನೆಗಳಿದ್ದವು. ಅಂಥ ಬೀದಿಯಲ್ಲಿ ಮಗಳನ್ನು ಶಾಲೆಗೆ ಕಳಿಸಿ ಎಂದು ಬಾಗಿಲು ತಟ್ಟುವುದು, ಅದೂ ಪರದೇಶದ ಹೆಂಗಸರು ತಟ್ಟುವುದು ಸುಲಭದ ಮಾತಲ್ಲ. ಬಂದ ಮಕ್ಕಳು ಬಡವರ ಮನೆಯವರು, ಅನಾಥರು, ಸಭೆಗೆ ಸೇರಿದ ಕುಟುಂಬಗಳವರು. ಓದು, ಬರಹ, ಲೆಕ್ಕ, ಹೊಲಿಗೆ ಕಲಿತರು. ಅವರಲ್ಲಿ ಕೆಲವರು ಬೆಳೆದು ಅದೇ ಶಾಲೆಗೆ, ಬೇರೆ ಶಾಲೆಗಳಿಗೆ ಉಪಾಧ್ಯಾಯಿನಿಯರಾದರು. ಈ ನಾಡಿನ ಮೊದಲ ಟೀಚರಮ್ಮಂದಿರ ಸಾಲಿನಲ್ಲಿ ಅವರೂ ಇದ್ದಾರೆ.

ಜೇನ್ ರೈಸ್ 1864ರಲ್ಲಿ ತೀರಿಕೊಂಡರು. ಬೆಂಜಮಿನ್ ರೈಸ್ ಅವರ ಐವತ್ತು ವರ್ಷದ ಸೇವೆಯನ್ನು ಎಣಿಸುವಾಗ ಅದರೊಳಗೆ ಈ ತಾಯಿಯ ಇಪ್ಪತ್ತೇಳು ವರ್ಷವನ್ನೂ ಬೇರೆಯಾಗಿ ಎಣಿಸಬೇಕು. ಮಿಷನರಿಯ ಹೆಂಡತಿಗೆ ಸಂಬಳವಿರಲಿಲ್ಲ, ಹುದ್ದೆಯಿರಲಿಲ್ಲ, ವರದಿಯಲ್ಲಿ ಸ್ವಂತ ಹೆಸರೂ ಬರುತ್ತಿರಲಿಲ್ಲ. ಗಂಡನ ಹೆಸರಿನ ಹಿಂದೆ ಶ್ರೀಮತಿ ಎಂದು ಸೇರಿಸಿದರೆ ಮುಗಿಯಿತು. ಶಾಲೆ ಮಾತ್ರ ಉಳಿದಿದೆ.

ಯಾರ ಕನ್ನಡ?

ಮೂರನೆಯದು ಗ್ರಂಥ. ಹ್ಯಾಂಡ್ಸ್ ಅವರ ಅನುವಾದ ಮೊದಲ ಪ್ರಯತ್ನ. ಅದರಲ್ಲಿ ಬಿಗಿಯಿತ್ತು, ತಡವರಿಕೆಯೂ ಇತ್ತು. ಅದನ್ನು ತಿದ್ದಬೇಕೆಂದು ಮಿಷನ್‌ಗಳು ನಿರ್ಧರಿಸಿದಾಗ ಆ ಕೆಲಸಕ್ಕೆ ಕೂತವರಲ್ಲಿ ರೈಸ್ ಒಬ್ಬರು. ಮಂಗಳೂರು ಮತ್ತು ಧಾರವಾಡದ ಕಡೆಯಿಂದ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು, ಮೈಸೂರು ಸೀಮೆಯಿಂದ ಲಂಡನ್ ಮತ್ತು ವೆಸ್ಲಿಯನ್ ಮಿಷನ್ನಿನವರು. ಒಂದೊಂದು ವಾಕ್ಯದ ಮೇಲೂ ವರ್ಷಗಟ್ಟಲೆ ಚರ್ಚೆ ನಡೆಯಿತು.

ಆ ಚರ್ಚೆ ಬರೀ ಪದಗಳದ್ದಾಗಿರಲಿಲ್ಲ. ಆಗ ಕನ್ನಡ ನಾಡೆಂಬುದು ನಕ್ಷೆಯ ಮೇಲೆ ಇರಲಿಲ್ಲ. ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ ಬೊಂಬಾಯಿಗೆ. ರಾಯಚೂರು, ಕಲಬುರಗಿ ನಿಜಾಮರಿಗೆ. ಮೈಸೂರು ಕಮಿಷನರ ಕೈಯಲ್ಲಿ, ಕೊಡಗು ಬೇರೆ. ಒಂದೊಂದು ಸೀಮೆಯ ಕಚೇರಿಯ ಭಾಷೆ ಒಂದೊಂದು, ಜನರ ಮಾತಿನ ಬಗೆ ಒಂದೊಂದು. ಧಾರವಾಡದ ರೈತ, ಮಂಗಳೂರಿನ ನೇಕಾರ, ದೊಡ್ಡಪೇಟೆಯ ಬಳೆಗಾರ ಮೂವರೂ ಓದಿ ತಿಳಿಯುವ ಒಂದೇ ಗದ್ಯ ಬೇಕಿತ್ತು. ಯಾರ ಕನ್ನಡದಲ್ಲಿ ಬರೆಯಬೇಕು? ಹಳಗನ್ನಡದ ಕಾವ್ಯಭಾಷೆ ಪಂಡಿತರಿಗೆ ಮಾತ್ರ. ಬೀದಿಯ ಆಡುಮಾತು ಒಂದು ಜಿಲ್ಲೆಗೆ ಮಾತ್ರ. ಎರಡರ ನಡುವೆ ಎಲ್ಲರಿಗೂ ಹೊಂದುವ ಒಂದು ಬರಹದ ಕನ್ನಡವನ್ನು ಹುಡುಕುವುದು ಅವರ ಪಾಲಿಗೆ ಬಂತು.

1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ಮೊದಲ ಕನ್ನಡ ಪತ್ರಿಕೆ, ಬೆಂಗಳೂರಿನ ವೆಸ್ಲಿಯನ್ ಅಚ್ಚುಕೂಟದಲ್ಲಿ ಜಾನ್ ಗ್ಯಾರೆಟ್ ಅವರು 1849ರಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಭಗವದ್ಗೀತೆ, ಶಾಲೆಗಳ ಪಾಠಪುಸ್ತಕಗಳು, ತಿದ್ದಿದ ಸತ್ಯವೇದ, ಇವೆಲ್ಲ ಒಂದೇ ಕಾಲದ ಬೆಳೆಗಳು. 1956ರಲ್ಲಿ ನಾಡು ಒಂದಾಗುವುದಕ್ಕೆ ನೂರು ವರ್ಷ ಮೊದಲೇ, ಇಡೀ ನಾಡು ಓದಬಹುದಾದ ಗದ್ಯವೊಂದು ಬೇಕೆಂದು ಪಟ್ಟು ಹಿಡಿದು ದುಡಿದವರಲ್ಲಿ ಈ ಸಭೆಗಳವರೂ ಇದ್ದರು. ಅವರ ಜೊತೆ ಮೇಜಿನ ಪಕ್ಕ ಕುಳಿತ ಕನ್ನಡ ಮುನ್ಷಿಗಳಿದ್ದರು. ಈ ಮಾತು ಹೀಗಲ್ಲ ಹೀಗೆ ಎಂದು ತಿದ್ದಿದವರು ಅವರು. ಅವರ ಹೆಸರು ಪುಸ್ತಕದ ಮುಖಪುಟಕ್ಕೆ ಬರಲಿಲ್ಲ. ರೈಸ್ ಅವರ ಕನ್ನಡವನ್ನು ಹೊಗಳುವಾಗ ಅದನ್ನು ಕಲಿಸಿದವರಿಗೂ ಕೈ ಮುಗಿಯಬೇಕು.

ಬರದ ವರ್ಷಗಳು

ರೈಸ್ ಅವರ ಕೊನೆಯ ಹತ್ತು ವರ್ಷಗಳ ಬಾಗಿಲಲ್ಲಿ ಬರಗಾಲ ನಿಂತಿತ್ತು. 1876ರಲ್ಲಿ ಮಳೆ ಹೋಯಿತು, 1877ರಲ್ಲೂ ಕೈ ಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಳಬರು ಹೇಳುತ್ತಿದ್ದದ್ದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕವರು 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷಕ್ಕೂ ಮೀರಿ ಇಳಿಯಿತು. ಹಳ್ಳಿ ಬಿಟ್ಟ ಜನ ಬೆಂಗಳೂರಿನ ದಾರಿ ಹಿಡಿದರು. ರಸ್ತೆ ಬದಿಯಲ್ಲೇ ಬಿದ್ದವರು ಎಷ್ಟೋ. ಗಂಜಿ ಕೇಂದ್ರಗಳೆದುರು ಸಾಲು, ಊರ ಹೊರಗೆ ಹೆಣ. ತಂದೆತಾಯಿ ಸತ್ತ ಮಕ್ಕಳನ್ನು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಮಿಷನ್‌ಗಳು ಅನಾಥಾಲಯಗಳಿಗೆ ಸೇರಿಸಿಕೊಂಡವು. ಇಂದಿನ ಹಳೆಯ ಕನ್ನಡ ಕ್ರೈಸ್ತ ಮನೆತನಗಳಲ್ಲಿ ಕೆಲವರ ಮೂಲಪುರುಷ ಅಥವಾ ಮೂಲತಾಯಿ ಈ ಬರದ ಕೂಸು. ಊರು ಯಾವುದು, ಕುಲ ಯಾವುದು ಎಂದು ಅವರಿಗೇ ತಿಳಿದಿರಲಿಲ್ಲ. ಅವರಿಗೆ ಸಭೆಯೇ ಊರಾಯಿತು, ಸಭೆಯೇ ಕುಲವಾಯಿತು.

ಮಂದಿ ಹೆಚ್ಚಿ ಸಭೆ ಬೆಳೆಯಿತೆಂದು ಇದನ್ನು ಗೆಲುವಿನ ಲೆಕ್ಕದಲ್ಲಿ ಬರೆಯುವುದು ತಪ್ಪು. ಹಸಿವಿನ ಬಾಗಿಲಿನಿಂದ ಬಂದವರನ್ನು ಉಣಿಸಿ, ಓದಿಸಿ, ಕಸುಬು ಕಲಿಸಿ ನಿಲ್ಲಿಸಿದ್ದು ಸಭೆಯ ಕರ್ತವ್ಯ. ಆ ಕರ್ತವ್ಯವನ್ನು ಆಗಿನವರು ಮಾಡಿದರು ಎಂದಷ್ಟೇ ಹೇಳುವುದು ಸರಿ.

ಮಕ್ಕಳು

ಈಗ 1837ರಲ್ಲಿ ಹುಟ್ಟಿದ ಮಗುವಿನ ಕಡೆ ಬರೋಣ. ಲೂಯಿಸ್ ರೈಸ್ ಇಂಗ್ಲೆಂಡಿನಲ್ಲಿ ಓದಿ ಮರಳಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ನಂತರ ಶಾಲೆಗಳ ಇನ್‌ಸ್ಪೆಕ್ಟರ್, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರು. ತಂದೆ ಮಿಷನರಿ, ಮಗ ಸರ್ಕಾರಿ ನೌಕರ. ದಾರಿ ಬೇರೆ. ಆದರೆ ತಂದೆಯ ಮನೆಯಲ್ಲಿ ಕಂಡದ್ದು ಮಗನ ಕೆಲಸದಲ್ಲಿ ಕಾಣುತ್ತದೆ. 1868ರಲ್ಲಿ ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಹೋಬಳಿಗೊಂದು ಶಾಲೆ, ಊರಿನ ಮಾತಿನಲ್ಲೇ ಪಾಠ. ಆ ಯೋಜನೆಯ ಹಿಂದೆ ಲೂಯಿಸ್ ರೈಸ್ ಇದ್ದರು. ದೊಡ್ಡಪೇಟೆಯ ಜಗಲಿಯಲ್ಲಿ ಕಲಿಯುವ ಮಕ್ಕಳನ್ನು ನೋಡುತ್ತ ಬೆಳೆದವನು ಹೋಬಳಿಯ ಮಕ್ಕಳನ್ನು ಮರೆಯಲಿಲ್ಲ.

ಶಾಲೆ ತಪಾಸಣೆಗೆ ಕುದುರೆಯ ಮೇಲೆ ಊರೂರು ಸುತ್ತುವಾಗ ಅವರಿಗೆ ದೇವಸ್ಥಾನದ ಗೋಡೆ, ಕೆರೆ ಏರಿ, ಹೊಲದ ಬದುಗಳಲ್ಲಿ ನಿಂತ ಅಕ್ಷರದ ಕಲ್ಲುಗಳು ಕಂಡವು. 1879ರಲ್ಲಿ ಮೈಸೂರು ಶಾಸನಗಳ ಪುಸ್ತಕ ಬಂತು. 1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ಎಪಿಗ್ರಾಫಿಯಾ ಕರ್ನಾಟಿಕ ಶುರುವಾಯಿತು. ಹನ್ನೆರಡು ಸಂಪುಟಗಳು, ಸುಮಾರು 9,000 ಶಾಸನಗಳು. 1905ರಲ್ಲಿ ಬಂದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ನಮ್ಮ ಸುತ್ತಲಿನ ಹಳ್ಳಿಗಳು ಬಡಾವಣೆಗಳಾಗಿ ಕರಗಿದವು. ಕೇತಮಾರನಹಳ್ಳಿ ರಾಜಾಜಿನಗರದೊಳಗೆ ಸೇರಿತು, ಸಾಣೆಗುರುವನಹಳ್ಳಿ ಬಸವೇಶ್ವರನಗರದ ಪಕ್ಕ ಒಂದು ಹೆಸರಾಗಿ ಉಳಿಯಿತು. ಜಿಲ್ಲೆಯುದ್ದಕ್ಕೂ ಎಷ್ಟೋ ಊರುಗಳ ಕಲ್ಲುಗಳು ಕಾಣೆಯಾದರೂ ಅವುಗಳ ಮಾತು ಆ ಸಂಪುಟದಲ್ಲಿ ಉಳಿದಿದೆ. ಪಂಪ ರಾಮಾಯಣ, ಪಂಪ ಭಾರತದಂಥ ಕಾವ್ಯಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದ ಗ್ರಂಥಮಾಲೆಯ ಹಿಂದೆಯೂ ಇದೇ ಲೂಯಿಸ್ ರೈಸ್. ಕೆಲಸ ಬಿಟ್ಟು 1906ರಲ್ಲಿ ಇಂಗ್ಲೆಂಡಿಗೆ ಹೋದರು. 1927ರಲ್ಲಿ ತೀರಿಕೊಂಡರು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಕರೆದರು.

ಇನ್ನೊಬ್ಬ ಮಗ ಎಡ್ವರ್ಡ್ ತಂದೆಯ ದಾರಿಯನ್ನೇ ಹಿಡಿದರು. ಲಂಡನ್ ಮಿಷನ್ನಿನ ಕೆಲಸದಲ್ಲಿ ಬೆಂಗಳೂರಿನಲ್ಲಿದ್ದು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. 1921ರ ಅದರ ಪರಿಷ್ಕೃತ ಆವೃತ್ತಿ ಕನ್ನಡವೆಂಬ ಸಾವಿರ ವರ್ಷದ ಸಾಹಿತ್ಯವೊಂದಿದೆ ಎಂದು ಹೊರಗಿನವರಿಗೆ ತಿಳಿಸಿದ ಪುಸ್ತಕಗಳಲ್ಲಿ ಒಂದು. ಪಂಪ, ಜನ್ನ, ಬಸವಣ್ಣ, ಪುರಂದರದಾಸರನ್ನು ಒಬ್ಬ ಕ್ರೈಸ್ತ ಪಾದ್ರಿ ಸಾಲಾಗಿ ನಿಲ್ಲಿಸಿ ಪರಿಚಯಿಸಿದ್ದು ಅಲ್ಲಿ. ತಂದೆಯ ಜೀವನಚರಿತ್ರೆಯನ್ನೂ ಅವರೇ ಬರೆದರು. ಅದರ ಹೆಸರಿನಲ್ಲೇ ಐವತ್ತು ವರ್ಷದ ಸೇವೆ ಎಂಬ ಮಾತಿದೆ.

ಹೊರಗಿನಿಂದ ಬಂದು ಕೆಲಸ ಮಾಡಿದವರು ಹಲವರು. ಬಂದ ಊರಿನ ಭಾಷೆಯನ್ನು ಮಕ್ಕಳಿಗೂ ದಾಟಿಸಿದವರು ವಿರಳ. ಆ ಮನೆಯಲ್ಲಿ ಕನ್ನಡ ಬರೀ ಅಪ್ಪನ ಕೆಲಸದ ಭಾಷೆಯಾಗಿದ್ದರೆ ಮಕ್ಕಳು ಅದನ್ನು ಹೊಸ್ತಿಲಲ್ಲೇ ಬಿಟ್ಟು ಹೋಗುತ್ತಿದ್ದರು. ಅವರು ಬಿಡಲಿಲ್ಲ. ಬೆಂಜಮಿನ್ ರೈಸ್ ಅವರ ಸೇವೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇರೆ ಕಾಣುವುದಿಲ್ಲ. ಅವರು ಸುವಾರ್ತೆ ಹೇಳಲು ಕಲಿತ ಕನ್ನಡ ಮುಂದಿನ ತಲೆಮಾರಿನಲ್ಲಿ ಜೈನ, ವೀರಶೈವ, ಬ್ರಾಹ್ಮಣ, ಎಲ್ಲ ಕನ್ನಡಿಗರ ಚರಿತ್ರೆಯ ಕಣ್ಣು ತೆರೆಸಿತು.

ಬಿದ್ದ ದೇವಾಲಯ, ಎದ್ದ ದೇವಾಲಯ

1881ರಲ್ಲಿ ರಾಜ್ಯ ಚಾಮರಾಜ ಒಡೆಯರಿಗೆ ಮರಳಿತು. ಒಡೆಯರ ಕೈಯಿಂದ ಆಡಳಿತ ಹೋದ ಕೆಲವೇ ವರ್ಷಕ್ಕೆ ಬಂದ ರೈಸ್, ಅದು ಮರಳಿ ಬಂದದ್ದನ್ನೂ ಕಂಡರು. ಕಬ್ಬನ್ ಹೋದರು, ಅವರ ನಂತರ ಕಮಿಷನರ್ ಆದ ಬೌರಿಂಗ್ ಬಂದು ಹೋದರು, ರೈಲು ಬಂತು, ಬರ ಬಂತು, ದೊರೆ ಬಂದರು. 1887ರಲ್ಲಿ, ಬೆಂಗಳೂರಿಗೆ ಬಂದು ಐವತ್ತು ತುಂಬಿದ ವರ್ಷದಲ್ಲೇ, ಅವರು ಕಣ್ಣು ಮುಚ್ಚಿದರು.

ಸಭೆ ಮುಂದುವರಿಯಿತು. 1898ರಲ್ಲಿ ಪ್ಲೇಗು ಪೇಟೆಯನ್ನು ಕಾಡಿತು. ಜನ ಇಕ್ಕಟ್ಟಾದ ಬೀದಿ ಬಿಟ್ಟು ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳ ಕಡೆ ಸರಿದರು. ದೊಡ್ಡಪೇಟೆಯ ಹಳೆಯ ಕನ್ನಡ ದೇವಾಲಯ ಕುಸಿಯಿತು. ಅದೇ ಜಾಗದಲ್ಲಿ ಹೊಸದನ್ನು ಕಟ್ಟಿ 1917ರ ಜನವರಿ 27ರಂದು ತೆರೆದರು. ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಅದಕ್ಕೆ ಇಟ್ಟ ಹೆಸರು ಮೂವತ್ತು ವರ್ಷದ ಹಿಂದೆ ತೀರಿಕೊಂಡ ತಮ್ಮ ಹಿರಿಯ ಸಭಾಪಾಲಕರದು. ಸತ್ತ ಮರುದಿನ ಹೆಸರಿಡುವುದು ದುಃಖದ ಕೆಲಸ. ಮೂವತ್ತು ವರ್ಷ ಕಳೆದ ಮೇಲೆ ಇಡುವುದು ನೆನಪಿನ ಕೆಲಸ. ಅವರ ಕೈಯಿಂದ ದೀಕ್ಷಾಸ್ನಾನ ಪಡೆದವರು ಆಗಲೇ ಹಣ್ಣಾಗಿದ್ದಿರಬೇಕು. ಮರೆಯುವುದಕ್ಕೆ ಸಾಕಷ್ಟು ಕಾಲ ಇತ್ತು, ಸಭೆ ಮರೆಯಲಿಲ್ಲ.

ಲಂಡನ್ ಮಿಷನ್ನಿನ ಸಭೆಗಳು ಮೊದಲು ದಕ್ಷಿಣ ಭಾರತದ ಸಂಯುಕ್ತ ಸಭೆಯಲ್ಲಿ ಸೇರಿದವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರೊಡನೆ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಒಂದೇ ಊರಲ್ಲಿ ಬೇರೆ ಬೇರೆ ಮಿಷನ್ನಿನ ಹೆಸರಲ್ಲಿ ಹಂಚಿಹೋಗಿದ್ದ ಸಭೆಗಳು ಒಂದೇ ಸಭೆಯವಾದವು. ಎರಡು ವರ್ಷಕ್ಕೆ, 1949ರಲ್ಲಿ, ರಾಜಾಜಿನಗರ ಹುಟ್ಟಿತು. ಕಾರ್ಖಾನೆ, ಕಾರ್ಮಿಕರ ಮನೆ, ಮಧ್ಯಮವರ್ಗದ ಸೈಟು. ಬೆಂಗಳೂರು ಪಶ್ಚಿಮಕ್ಕೆ ಹರಡಿದಂತೆ ಪೇಟೆಯ ಜನ ಹರಡಿದರು, ಎಲ್ಲ ಜಾತಿ ಮತದವರೂ ಹರಡಿದರು. ಕೆಂಗೇರಿಯೆಂದರೆ ದೂರದ ಊರು ಎನ್ನುತ್ತಿದ್ದವರು ಅಲ್ಲೇ ಮನೆ ಕಟ್ಟಿಕೊಂಡರು. ಕನ್ನಡದಲ್ಲಿ ಆರಾಧಿಸುವ ಕುಟುಂಬಗಳೂ ತಮ್ಮ ಸತ್ಯವೇದ, ತಮ್ಮ ಕೀರ್ತನೆ ಪುಸ್ತಕ ಹಿಡಿದು ಹೊಸ ಬಡಾವಣೆಗಳಿಗೆ ಬಂದರು. ಮನೆಗಳಲ್ಲಿ ಕೂಡುವ ಪ್ರಾರ್ಥನಾ ಕೂಟ ಬೆಳೆದು ಸಭೆಯಾಗುವುದು, ಸಭೆ ದೇವಾಲಯ ಕಟ್ಟುವುದು, ದೇವಾಲಯಕ್ಕೊಂದು ಶಾಲೆ ಸೇರುವುದು, ದೊಡ್ಡಪೇಟೆಯಲ್ಲಿ ಹಿಂದೆ ಆದದ್ದೇ ಇಲ್ಲೂ ಆಗಬೇಕಿತ್ತು.

ನಾವು ಬರೆದಿಡಬೇಕಾದದ್ದು

ಬೆಂಜಮಿನ್ ರೈಸ್ ಅವರಿಗೆ ಬರೆಯಬಲ್ಲ ಮಗನಿದ್ದ. ಹಾಗಾಗಿ ಅವರ ಐವತ್ತು ವರ್ಷ ನಮಗೆ ತಿಳಿದಿದೆ. ಅವರ ಜೊತೆ ಜಾತ್ರೆಯ ಬಿಸಿಲಲ್ಲಿ ನಿಂತ ಉಪದೇಶಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಮೊದಲು ಪಾಠ ಹೇಳಿದ ಕನ್ನಡದ ಅಮ್ಮ, ವಾಕ್ಯ ತಿದ್ದಿದ ಮುನ್ಷಿ, ದೇವಾಲಯದ ಗಂಟೆ ಹೊಡೆದು ಕಸ ಗುಡಿಸಿದ ಸೇವಕ, ಇವರಿಗೆ ಬರೆಯುವವರು ಸಿಗಲಿಲ್ಲ. ಸಭೆಯ ಚರಿತ್ರೆಯಲ್ಲಿ ಅರ್ಧ ಭಾಗ ಹೀಗೆ ಖಾಲಿಯಾಗಿದೆ. ಅದನ್ನು ಹಿಂದಕ್ಕೆ ಹೋಗಿ ತುಂಬಲು ಆಗುವುದಿಲ್ಲ.

ಮುಂದಿನದನ್ನು ಖಾಲಿ ಬಿಡದಿರಲು ಆಗುತ್ತದೆ. ನಮ್ಮ ಬಡಾವಣೆಗಳ ಸಭೆಗಳಲ್ಲಿ ನಲವತ್ತು, ಐವತ್ತು ವರ್ಷ ದುಡಿದ ಹಿರಿಯರು ಈಗಲೂ ಇದ್ದಾರೆ. ಭಾನುವಾರದ ಶಾಲೆಯಲ್ಲಿ ಮೂರು ತಲೆಮಾರಿಗೆ ಕಥೆ ಹೇಳಿದ ಅಕ್ಕಂದಿರು, ಕಾಣಿಕೆಯ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಬರೆದ ಖಜಾಂಚಿಗಳು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಬರುವ ಸಭಾಹಿರಿಯರು. ಅವರನ್ನು ಕೂರಿಸಿ ಕೇಳಿ. ಯಾವ ಊರಿಂದ ಬಂದಿರಿ, ಮೊದಲ ಆರಾಧನೆ ಯಾರ ಮನೆಯಲ್ಲಿ ನಡೆಯಿತು, ದೇವಾಲಯದ ಅಡಿಪಾಯಕ್ಕೆ ಯಾರು ಕಲ್ಲು ಹೊತ್ತರು ಎಂದು ಕೇಳಿ, ಹೆಸರು ಮತ್ತು ವರ್ಷ ಸಮೇತ ಬರೆದಿಡಿ. ದೀಕ್ಷಾಸ್ನಾನದ, ಮದುವೆಯ, ಮಣ್ಣಿನ ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ. ಬದುಕಿದ್ದಾಗ ಒಂದು ಶಾಲು, ಸತ್ತಾಗ ಒಂದು ಹಾರ ಹಾಕುವುದಕ್ಕಿಂತ ಇದು ದೊಡ್ಡ ಗೌರವ.

ಮುಂದಿನ ಸಲ ಪುಸ್ತಕಕ್ಕೆಂದು ಅವೆನ್ಯೂ ರಸ್ತೆಗೆ ಹೋದಾಗ ಒಂದು ನಿಮಿಷ ತಲೆ ಎತ್ತಿ ಆ ಹೆಸರನ್ನು ಓದಿ. ಬೆಂಜಮಿನ್ ರೈಸ್ ಬಂದು ಎರಡು ಶತಮಾನಕ್ಕೆ ಹತ್ತಿರವಾಗುತ್ತ ಬಂತು. ಅವರ ಹೆಸರಿನ ಆ ದೇವಾಲಯದಲ್ಲಿ ಭಾನುವಾರದ ಆರಾಧನೆ ಇಂದಿಗೂ ಕನ್ನಡದಲ್ಲಿ ನಡೆಯುತ್ತಿದೆ.